ಆ ಮನೆ ಮೊದಲು ಅಮ್ಮನದು

ಪತ್ರ: ಅಪ್ಪ ತೀರಿಕೊಂಡಿದ್ದಾರೆ. ಅಮ್ಮ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮೈಸೂರಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾರೆ. ತಿಂಗಳಿಗೆ 38,000 ರೂಪಾಯಿ. ಮೂವರು ಮಕ್ಕಳೂ ಹಂಚಿಕೊಂಡು ಕಟ್ಟುತ್ತಿದ್ದೆವು, ಈಗ ತಂಗಿಗೆ ಆಗುತ್ತಿಲ್ಲ. ಕುವೆಂಪುನಗರದ ನಮ್ಮ ಮನೆಗೆ ಬೀಗ ಹಾಕಿದೆ. ಮಾರೋಣ ಅಂದರೆ ಮೆಲ್ಬರ್ನ್‌ನಲ್ಲಿರುವ ಅಣ್ಣ ಬೇಡ ಅನ್ನುತ್ತಾನೆ. ಅಪ್ಪ ಕಟ್ಟಿಸಿದ ಮನೆ ಮಾರಿ ಅಮ್ಮನನ್ನು ಸಾಕಿದರು ಅಂತ ಜನ ಆಡಿಕೊಳ್ಳುತ್ತಾರೆ ಎಂದು ಅವನ ವಾದ. ನನಗೂ ಅದೇ ಅಳುಕು. ಅಣ್ಣನಿಗೆ ಏನು ಹೇಳಲಿ?
– ಬೆಂಗಳೂರಿನ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಅಣ್ಣನ ಮಾತಿದೆ, ತಂಗಿಯ ಕಷ್ಟವಿದೆ, ಆಡಿಕೊಳ್ಳುವ ಜನರೂ ಇದ್ದಾರೆ. ಅಮ್ಮ ಏನಂದರು ಅನ್ನೋದು ಮಾತ್ರ ಎಲ್ಲೂ ಇಲ್ಲ. ಮುರಿದದ್ದು ಅವರ ಸೊಂಟ. ಅವರನ್ನು ಕೇಳಿದ್ದೀರಾ?

ನಿಮ್ಮ ಅಣ್ಣನ ಸಂಕಟ ಸುಳ್ಳಲ್ಲ. ದೂರದಲ್ಲಿರುವವರಿಗೆ ಮನೆ ಹೋದರೆ ಊರೇ ಹೋದಂತೆ. ಅದನ್ನು ಒಪ್ಪುತ್ತೇನೆ. ಆದರೆ ಬೀಗ ಹಾಕಿದ ಮನೆಯನ್ನು ನೆನಪಿಗೆ ಅಂತ ಇಟ್ಟುಕೊಂಡು, ಆ ಮನೆಯಲ್ಲಿ ಬದುಕಿದ ಜೀವದ ಖರ್ಚಿಗೆ ಪ್ರತಿ ತಿಂಗಳೂ ಚೌಕಾಸಿ ಮಾಡುವುದನ್ನು ನಾನು ಒಪ್ಪಲಾರೆ.

ಮೊದಲು ಕಾಗದ ತೆಗೆದು ನೋಡಿ. ಅದು ಅಪ್ಪನ ಸ್ವಂತ ಸಂಪಾದನೆಯ ಮನೆಯಾಗಿದ್ದು, ಅವರು ವಿಲ್ ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮನಿಗೂ ನಿಮ್ಮ ಮೂವರಿಗೂ ಸಮಪಾಲು. (ನಿಮ್ಮ ಅಜ್ಜಿ ಆಗ ಬದುಕಿರಲಿಲ್ಲ ಅಂದುಕೊಂಡು ಹೇಳುತ್ತಿದ್ದೇನೆ.) ನಾಲ್ಕರಲ್ಲಿ ಒಂದು ಭಾಗ ಅಮ್ಮನ ಪೂರ್ತಿ ಸ್ವಂತದ್ದು. ಕಾಗದದ ಲೆಕ್ಕ ಅಷ್ಟು. ಆದರೆ ಸೈಟಿನ ಕಂತಿಗೆ ಬಳೆ ಅಡವಿಟ್ಟವರು ಯಾರು? ಬೆಳಿಗ್ಗೆ ಸಂಜೆ ಹೊಸ ಗೋಡೆಗೆ ನೀರು ಹಾಕಿದವರು ಯಾರು? ನಮ್ಮ ಎಷ್ಟೋ ಮನೆಗಳಲ್ಲಿ ಅದು ಅಮ್ಮಂದಿರ ಕೆಲಸ. "ಅಪ್ಪ ಕಟ್ಟಿಸಿದ ಮನೆ" ಅನ್ನುವಾಗ ನಾವು ಇದನ್ನೆಲ್ಲ ಮರೆತುಬಿಡುತ್ತೇವೆ.

ತಂಗಿಯ ವಿಷಯಕ್ಕೂ ಒಂದು ಮಾತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ಹೆಣ್ಣುಮಗಳು ಕೊಟ್ಟ ಮನೆಯವಳು. ಖರ್ಚು ಹಂಚುವಾಗ ಸರಿಸಮಾನಳು. ಈ ಅನ್ಯಾಯ ನಿಮ್ಮ ಮನೆಯಲ್ಲಿ ಆಗದಂತೆ ನೋಡಿಕೊಳ್ಳಿ.

ಹಾಗಂತ ಅಮ್ಮನಿಂದ ಈಗಲೇ ದಾನಪತ್ರ ಬರೆಸಿಕೊಳ್ಳುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ. ನನಗೆ ಪರಿಚಯದ ಹಾಸನದ ನಿವೃತ್ತ ಮೇಷ್ಟ್ರೊಬ್ಬರು ಮಗನಿಗೆ ಮನೆ ಬರೆದುಕೊಟ್ಟರು. ವರ್ಷ ತುಂಬುವುದರೊಳಗೆ ಅವರ ಮಂಚ ಹಿಂದಿನ ಕೋಣೆಗೆ ಹೋಯಿತು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಇಂಥವರಿಗಾಗಿಯೇ ಇದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರ ರದ್ದಾಗಬಹುದು. ಮೇಷ್ಟ್ರ ಪತ್ರದಲ್ಲಿ ಷರತ್ತೇ ಇರಲಿಲ್ಲ. ಷರತ್ತಿಲ್ಲದಿದ್ದರೆ ಈ ಕಲಂ ನೆರವಿಗೆ ಬಾರದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಮೊಕದ್ದಮೆಯಲ್ಲಿ ಅದೇ ಕೋರ್ಟು ಕಾಯ್ದೆಯನ್ನು ಉದಾರವಾಗಿ ಓದಿ, ದಾನಪತ್ರ ರದ್ದುಮಾಡಿ ಮನೆ ವಾಪಸ್ ಕೊಡಿಸಿತು. ಅಷ್ಟು ದೂರ ಅಲೆಯುವ ಶಕ್ತಿ ಎಷ್ಟು ತಾಯಂದಿರಿಗಿದೆ ಹೇಳಿ.

ಮನೆ ಮಾರದೆ ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯಬಹುದಲ್ವಾ ಎಂದು ನೀವು ಕೇಳಬಹುದು. ಮನೆ ಅಡವಿಟ್ಟು ಹೀಗೆ ಸಾಲ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ನಮ್ಮ ದೇಶಕ್ಕೂ 2007ರಲ್ಲೇ ಬಂತು. ಅರವತ್ತು ದಾಟಿದವರಿಗೆ ಅಂತಲೇ ಮಾಡಿದ ಯೋಜನೆ. ಆದರೆ ಅದರ ನಿಯಮ ನೋಡಿ: ಸಾಲ ಪಡೆದವರು ಆ ಮನೆಯಲ್ಲೇ ವಾಸ ಇರಬೇಕು. ಆರೈಕೆಗೆಂದು ಖಾಯಂ ಆಗಿ ಬೇರೆಡೆ ಹೋದರೆ ಸಾಲ ತೀರಿಸುವ ಹೊತ್ತು ಬಂತು ಅಂತ ಅರ್ಥ. ಹಣ ಜಾಸ್ತಿ ಬೇಕಾದ ಹೊತ್ತಿಗೇ ಬಾಗಿಲು ಮುಚ್ಚುತ್ತದೆ. ತೆರಿಗೆಯದೂ ಇದೇ ಕಥೆ. ಮನೆ ಮಾರಿದ ಲಾಭದಲ್ಲಿ ಇನ್ನೊಂದು ಮನೆ ಕೊಂಡರೆ ವಿನಾಯಿತಿ ಇದೆ. ಅದೇ ಲಾಭವನ್ನು ಅಮ್ಮನ ಆರೈಕೆಗೆ ಸುರಿದರೆ ಇಲ್ಲ.

ಇಂಗ್ಲೆಂಡಿನಲ್ಲಿ ಒಬ್ಬರ ಆಸ್ತಿ 23,250 ಪೌಂಡ್ ದಾಟಿದರೆ ಕೇರ್ ಹೋಮಿನ ಖರ್ಚು ಅವರದೇ. ಗಂಡನೋ ಹೆಂಡತಿಯೋ ವಾಸವಿಲ್ಲದ ಮನೆಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ಖರ್ಚು ತಪ್ಪಿಸಲೆಂದೇ ಮಕ್ಕಳಿಗೆ ಬರೆದುಕೊಟ್ಟಿದ್ದರೆ, ಅದಿನ್ನೂ ಅವರ ಹತ್ತಿರವೇ ಇದೆ ಎಂದು ಲೆಕ್ಕ ಹಾಕಲು ಅಲ್ಲಿನ ಸ್ಥಳೀಯ ಆಡಳಿತಕ್ಕೆ ಅಧಿಕಾರವಿದೆ. ಕಠಿಣ ನಿಯಮವೇ. ಆದರೆ ಆಸ್ತಿ ಕರಗಿದ ಮೇಲೆ ಸರ್ಕಾರ ಕೈ ಹಿಡಿಯುತ್ತದೆ. ನಮ್ಮಲ್ಲಿ? ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ, ಅದೂ ಬಡವರಿಗೆ. ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶಕ್ಕೆ 2007ರ ಕಾಯ್ದೆ ಹಾಕಿದ ಮಿತಿ ತಿಂಗಳಿಗೆ 10,000. ಆ ಮಿತಿ ತೆಗೆಯುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಕಾಯ್ದೆಯಾಗಲಿಲ್ಲ. 2025ರಲ್ಲಿ ಬೆಳಗಾವಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳು ಬಿಟ್ಟುಹೋದ ಹಿರಿಯರ ಸುದ್ದಿ ಬಂದಾಗ, ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿ ಪತ್ರ ರದ್ದುಮಾಡಿಸುವ ಮಾತು ಸಚಿವರಿಂದಲೇ ಬಂತು. ರದ್ದಾಗಲಿ, ಸರಿ. ಆ ಹಿರಿಯರನ್ನು ಮರುದಿನ ನೋಡಿಕೊಳ್ಳುವವರು ಯಾರು? ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಬಡ ಹಿರಿಯರ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ತೆರೆಯಬಹುದು ಎಂದು 2007ರ ಕಾಯ್ದೆಯಲ್ಲೇ ಬರೆದಿದೆ. ಅದರ ಬಗ್ಗೆ ಯಾವ ಚುನಾವಣೆಯಲ್ಲೂ ಯಾರೂ ಕೇಳುವುದಿಲ್ಲ.

ಜನ ಆಡಿಕೊಳ್ಳುತ್ತಾರೆ ಅಂತ ಹೆದರಬೇಡಿ. ಧಾರವಾಡದಲ್ಲಿ ನನಗೆ ಗೊತ್ತಿರುವ ಒಬ್ಬ ತಾಯಿ ತಾವೇ ನಿಂತು ಮನೆ ಮಾರಿಸಿ, ಹಣ ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ಆಶ್ರಮದ ಶುಲ್ಕ ಕಟ್ಟುತ್ತಿದ್ದಾರೆ. ಮಕ್ಕಳು ಬಂದಾಗ ದುಡ್ಡಿನ ಮಾತೇ ಬರುವುದಿಲ್ಲ. ಹೋಳಿಗೆ ತರುತ್ತಾರೆ, ಮೊಮ್ಮಕ್ಕಳ ಫೋಟೋ ತೋರಿಸುತ್ತಾರೆ, ಸಂಜೆವರೆಗೂ ಕೂತಿರುತ್ತಾರೆ.

ಅಣ್ಣನಿಗೆ ಹೇಳುವುದು ಇಷ್ಟೇ. ಅಮ್ಮ ಒಪ್ಪಿದರೆ ಮೊದಲು ಮನೆಯ ಬೀಗ ತೆಗೆದು ಬಾಡಿಗೆಗೆ ಕೊಡಿ. ಆ ಬಾಡಿಗೆ ಪೂರ್ತಿ ಅಮ್ಮನ ಖಾತೆಗೆ ಹೋಗಲಿ. ಅದು ಸಾಲದೆ ಹೋದರೆ ಮಾರಬೇಕು. ಮನೆ ಉಳಿಯಲೇಬೇಕು ಅಂತ ಅಣ್ಣನಿಗೆ ಅನ್ನಿಸಿದರೆ, ಅಮ್ಮನ ಪಾಲನ್ನೂ ನಿಮ್ಮಿಬ್ಬರ ಪಾಲನ್ನೂ ಇವತ್ತಿನ ಬೆಲೆಗೆ ಅವರೇ ಕೊಳ್ಳಲಿ. ವಿದೇಶದಲ್ಲಿರುವ ಭಾರತೀಯರು ಇಲ್ಲಿ ಮನೆ ಕೊಳ್ಳಲು ಅಡ್ಡಿಯಿಲ್ಲ. ಬಂದ ಹಣದಲ್ಲಿ 30 ಲಕ್ಷದವರೆಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅಮ್ಮನ ಹೆಸರಿಗೆ ಇಡಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಇದನ್ನೆಲ್ಲ ಮೆಲ್ಬರ್ನ್‌ಗೆ ಫೋನ್ ಮಾಡಿ ಹೇಳುವ ಮೊದಲು ಮೈಸೂರಿಗೆ ಹೋಗಿ ಅಮ್ಮನ ಮುಂದೆ ಹೇಳಿ. ಸಹಿ ಹಾಕಬೇಕಾದವರು ಅವರು.