ಪುಟ್ಟಣ್ಣಯ್ಯನವರು ಗೆದ್ದದ್ದು ಎರಡು ಬಾರಿ

ರೈತ ಸಂಘದಿಂದ ವಿಧಾನಸಭೆಗೆ ಹೋದವರು ಕೆ.ಎಸ್. ಪುಟ್ಟಣ್ಣಯ್ಯ ಒಬ್ಬರೇನಾ, ಅವರು ಎಷ್ಟು ಬಾರಿ ಗೆದ್ದರು ಎಂದು ಕೇಳಿದ್ದೀರಿ. ಒಬ್ಬರೇ ಅಲ್ಲ. ಅವರಿಗಿಂತ ಮೊದಲೇ, 1989ರಲ್ಲಿ, ಬಾಬಾಗೌಡ ಪಾಟೀಲರು ಗೆದ್ದಿದ್ದರು. ಆಮೇಲೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೂ ಧಾರವಾಡ ಗ್ರಾಮಾಂತರದಿಂದ ಸದನಕ್ಕೆ ಬಂದರು.

ಪುಟ್ಟಣ್ಣಯ್ಯನವರು ಕ್ಯಾತನಹಳ್ಳಿಯವರು. 1994ರಲ್ಲಿ ಪಾಂಡವಪುರದಿಂದ ಗೆದ್ದರು. ಎರಡನೆಯ ಗೆಲುವು ಬಂದದ್ದು 2013ರಲ್ಲಿ, ಮೇಲುಕೋಟೆ ಕ್ಷೇತ್ರದಿಂದ, ಸರ್ವೋದಯ ಕರ್ನಾಟಕ ಪಕ್ಷದ ಅಭ್ಯರ್ಥಿಯಾಗಿ. ನಡುವಿನ 19 ವರ್ಷಗಳಲ್ಲಿ, ಮೊದಲ ಅವಧಿ ಮುಗಿದ 1999ರಿಂದ ಮುಂದಿನ ಸುಮಾರು 14 ವರ್ಷಗಳನ್ನು ಗಮನಿಸಿ. ಅಧಿಕಾರವಿಲ್ಲದೆ ಇಷ್ಟು ಕಾಲ ಜನರ ನಡುವೆ ಉಳಿಯುವುದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಅವರ ನಿಜವಾದ ರಾಜಕೀಯ ಜೀವನ ಅದೇ.

ಕಬ್ಬಿನ ಕಷ್ಟ ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಕಡಿದ ಕಬ್ಬು ಕಾರ್ಖಾನೆಯ ಮುಂದೆ ಗಾಡಿಯಲ್ಲೇ ಬಿಸಿಲಿಗೆ ಒಣಗಿದರೆ ತೂಕ ಇಳಿಯುತ್ತದೆ. ಅಷ್ಟೂ ನಷ್ಟ ಬೆಳೆದವನ ತಲೆಗೇ. ಇಂಥದ್ದನ್ನು ಬಲ್ಲವರು ಹೆಗಲ ಮೇಲೆ ಹಸಿರು ಶಾಲು ಹೊದ್ದು ಸದನದಲ್ಲಿ ಎದ್ದು ನಿಂತರೆ ಮಾತಿಗೆ ಬೇರೆಯೇ ತೂಕ.

ಶಾಸಕರಾಗಿದ್ದಾಗಲೇ, 2018ರ ಫೆಬ್ರುವರಿ 18ರಂದು, ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡಲು ಹೋಗಿದ್ದವರು ಹೃದಯಾಘಾತದಿಂದ ತೀರಿಕೊಂಡರು. ಆ ಸುದ್ದಿ ಕೇಳಿದ ರಾತ್ರಿ ನನಗಿನ್ನೂ ನೆನಪಿದೆ. ಅದೇ ವರ್ಷದ ಚುನಾವಣೆಯಲ್ಲಿ ಮಗ ದರ್ಶನ್ ಸೋತರು, 2023ರಲ್ಲಿ ಅದೇ ಮೇಲುಕೋಟೆಯಿಂದ ಗೆದ್ದರು.

ಹಳೆಯ ಫಲಿತಾಂಶಗಳಲ್ಲಿ ಹುಡುಕುವಾಗ ಒಂದು ಮಾತು: 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಪಾಂಡವಪುರ ಕ್ಷೇತ್ರವೇ ಮೇಲುಕೋಟೆ ಆಯಿತು, ಅದಕ್ಕೆ ಮೊದಲಿನ ಚುನಾವಣೆಗಳನ್ನು ಪಾಂಡವಪುರದ ಹೆಸರಿನಲ್ಲೇ ನೋಡಿ.