ಓಡಲಾಗದವರನ್ನು ಎತ್ತುವುದು ಯಾರು?

ಓದುಗರ ಪತ್ರ: ನನ್ನ ಮಗಳಿಗೆ 26 ವರ್ಷ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿದ್ದಾಳೆ. ನಡೆಯಲು ಆಗುವುದಿಲ್ಲ, ಮಾತೂ ಇಲ್ಲ. 2025ರ ಮೇ 7ರಂದು ಯುದ್ಧದ ಅಣಕು ಕಸರತ್ತು ನಡೆಯಿತಲ್ಲ, ಅದನ್ನು ಟಿವಿಯಲ್ಲಿ ನೋಡಿದೆ. ಸೈರನ್ ಕೂಗಿತು, ಜನ ಓಡಿದರು. ನಿಜವಾಗಿ ಯುದ್ಧ ಬಂದರೆ ಇವಳನ್ನು ಎತ್ತಿಕೊಂಡು ನಾನು ಎಲ್ಲಿಗೆ ಓಡಲಿ? ಯುದ್ಧ ನಡೆಯುವ ದೇಶಗಳಲ್ಲಿ ಇಂಥ ಮಕ್ಕಳಿಗೆ ಸಹಾಯ ಸಿಗುತ್ತದಾ?
– ಒಬ್ಬ ತಾಯಿ, ಪೆರ್ಲ, ಕಾಸರಗೋಡು ಜಿಲ್ಲೆ

ಸಂಪಾದಕರ ಉತ್ತರ: ಅಕ್ಕಾ, ಕೆಲವರಿಗೆ ಸಿಗುತ್ತದೆ, ತುಂಬ ಜನರಿಗೆ ಸಿಗುವುದಿಲ್ಲ. ಯಾಕೆಂದರೆ ಸಹಾಯದ ಲಾರಿ ಒಂದು ಕಡೆ ಬಂದು ನಿಲ್ಲುತ್ತದೆ, ಜನ ಅಲ್ಲಿಗೆ ಹೋಗಿ ಸಾಲು ನಿಲ್ಲಬೇಕು. ನಿಲ್ಲಲು ಆಗದವರ ಪಾಲು ಅಲ್ಲೇ ತಪ್ಪಿಹೋಗುತ್ತದೆ. ಅಮ್ಮ ಸಾಲಿಗೆ ಹೋದರೆ ಮಗಳ ಹತ್ತಿರ ಕೂರುವವರು ಯಾರು? ಅಕ್ಕಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಜಗಿಯಲಾರದ ಮಗುವಿಗೆ ಅದನ್ನು ನುಣ್ಣಗೆ ಬೇಯಿಸಲು ಬೆಂಕಿ ಬೇಕು, ಶುದ್ಧ ನೀರು ಬೇಕು. ಮಲಗಿದಲ್ಲೇ ಇರುವವರನ್ನು ಆಗಾಗ ಮಗ್ಗುಲು ಬದಲಾಯಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಫಿಟ್ಸ್ ಮಾತ್ರೆ ನಾಲ್ಕು ದಿನ ತಪ್ಪಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಹುಮಹಡಿ ಕಟ್ಟಡದಲ್ಲಿ ಕರೆಂಟ್ ಹೋದರೆ ಲಿಫ್ಟ್ ಇಲ್ಲ, ಗಾಲಿಕುರ್ಚಿಯವರು ಮೇಲೆಯೇ ಉಳಿಯುತ್ತಾರೆ. ಕಿವಿ ಕೇಳದವರಿಗೆ ಸೈರನ್ ಇದ್ದೂ ಇಲ್ಲದಂತೆ.

ದಾರಿ ಮುಚ್ಚಿದರೆ ಏನಾಗುತ್ತದೆ ಎಂದು ಕಾಸರಗೋಡಿನವರಿಗೆ ಗೊತ್ತು, ಅಲ್ವಾ? 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಕೇರಳ–ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಬಂದ್ ಆದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯ ಈಚೆ ಸಿಕ್ಕಿಬಿದ್ದರು. ಕೆಲವರು ತೀರಿಕೊಂಡರು. ಆಗ ಇಲ್ಲಿ ಬಾಂಬೇನೂ ಬೀಳುತ್ತಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. 1949ರ ನಾಲ್ಕನೆಯ ಜಿನೀವಾ ಒಪ್ಪಂದ ರೋಗಿಗಳಿಗೆ, ಅಶಕ್ತರಿಗೆ, ಬಸುರಿಯರಿಗೆ ವಿಶೇಷ ರಕ್ಷಣೆ ಕೊಡಬೇಕು ಎನ್ನುತ್ತದೆ. ಯುದ್ಧದಲ್ಲಿ ಸಿಲುಕಿದ ಅಂಗವಿಕಲರ ಬಗ್ಗೆಯೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2019ರ ಜೂನ್‌ನಲ್ಲಿ 2475ನೆಯ ನಿರ್ಣಯ ಮಾಡಿತು. ಆ ಮಾತು ಬರಲು ಅಷ್ಟು ವರ್ಷ ಬೇಕಾಯಿತು ಅನ್ನುವುದು ನನಗೆ ಇವತ್ತಿಗೂ ನೋವಿನ ವಿಷಯ.

ಆದರೆ ಒಳ್ಳೆಯ ಕೆಲಸವೂ ನಡೆದಿದೆ. ಕಾಬೂಲಿನಲ್ಲಿ ರೆಡ್‌ಕ್ರಾಸ್‌ನವರು 1988ರಲ್ಲಿ ಕೃತಕ ಕಾಲು ಮಾಡುವ ಕೇಂದ್ರ ತೆರೆದರು. ಇಟಲಿಯ ಫಿಸಿಯೋಥೆರಪಿಸ್ಟ್ ಅಲ್ಬರ್ಟೋ ಕೈರೋ 1990ರಲ್ಲಿ ಅಲ್ಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಆ ಕೇಂದ್ರದಲ್ಲಿ ಕಾಲು ಮಾಡುವವರು, ಹಾಕಿಕೊಂಡು ನಡೆಯಲು ಕಲಿಸುವವರು ಹೆಚ್ಚಿನವರು ಸ್ವತಃ ಅಂಗವಿಕಲರೇ. ಬಂದವನಿಗೆ ಏನು ಬೇಕೆಂದು ಅವರಿಗೆ ಕೇಳದೆಯೇ ತಿಳಿಯುತ್ತದೆ. ಸಹಾಯ ಮಾಡುವವರು ಮೊದಲು ನಿಮ್ಮಂಥ ಅಮ್ಮಂದಿರನ್ನು ಕೂರಿಸಿಕೊಂಡು ಕೇಳಬೇಕು ಎಂದು ನಾನು ಹಟದಿಂದ ಹೇಳುವುದು ಇದಕ್ಕೇ.

ಇನ್ನು ನಿಮ್ಮ ಮಗಳ ವಿಷಯ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೆಯ ಸೆಕ್ಷನ್ನಿನಲ್ಲಿ ಯುದ್ಧದ ಮಾತೂ ಇದೆ, ಪ್ರಕೃತಿ ವಿಕೋಪದ ಮಾತೂ ಇದೆ. ಜಿಲ್ಲೆಯ ಅಂಗವಿಕಲರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಳ್ಳಬೇಕು, ಅಪಾಯ ಬಂದಾಗ ಅವರಿಗೆ ತಿಳಿಸುವ ಏರ್ಪಾಡು ಮಾಡಬೇಕು ಎಂದು ಅದು ಹೇಳುತ್ತದೆ. ನಮ್ಮಲ್ಲಿ ಎಂಡೋಸಲ್ಫಾನ್ ಪಟ್ಟಿಯೊಂದರಲ್ಲೇ 6,000ಕ್ಕಿಂತ ಜಾಸ್ತಿ ಹೆಸರುಗಳಿವೆ. ಆ ಪಟ್ಟಿ ಪಿಂಚಣಿಗೆ ಆಯಿತು, ಚಿಕಿತ್ಸೆಗೆ ಆಯಿತು. ಯಾರನ್ನು ಹೊರಬೇಕು, ಮನೆ ಬಾಗಿಲವರೆಗೆ ಜೀಪು ಬರುತ್ತದೋ ಇಲ್ಲವೋ, ಯಾವ ಮಾತ್ರೆ ತಪ್ಪಬಾರದು ಎನ್ನುವುದೂ ಅದರ ಪಕ್ಕದಲ್ಲಿ ಬರಬೇಕು. ಇದು ಯುದ್ಧಕ್ಕೆ ಮಾತ್ರ ಅಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದರೂ ಇದೇ ಬೇಕಾಗುತ್ತದೆ.

ಅಕ್ಕಾ, ನೀವು ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ: ಮಗಳನ್ನು ಎತ್ತಲು ಎಷ್ಟು ಜನ ಬೇಕು, ಹೇಗೆ ಹಿಡಿದರೆ ನೋವಾಗುವುದಿಲ್ಲ, ಏನು ತಿನ್ನುತ್ತಾಳೆ, ಯಾವ ಔಷಧಿ, ನೀವು ಇಲ್ಲದಾಗ ಅವಳು ಯಾರ ಕೈಗೆ ಹೋಗುತ್ತಾಳೆ. ಅದರ ಒಂದು ಪ್ರತಿ ಪಕ್ಕದ ಮನೆಯಲ್ಲಿರಲಿ, ಇನ್ನೊಂದು ಆಶಾ ಕಾರ್ಯಕರ್ತೆಯ ಹತ್ತಿರ. ಮೂರನೆಯದನ್ನು ನಮ್ಮ ಕಚೇರಿಗೆ ಕಳಿಸಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಬೇರೆ ಅಮ್ಮಂದಿರೂ ಕಳಿಸಲಿ. ಎಲ್ಲವನ್ನೂ ಸೇರಿಸಿ ಕಲೆಕ್ಟರ್ ಕಚೇರಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ. ನೀವೂ ಬರುವುದಾದರೆ ಆ ದಿನ ಮಗಳ ಹತ್ತಿರ ಯಾರಿರಬೇಕೆಂದು ಮೊದಲೇ ತಿಳಿಸಿ, ಅದಕ್ಕೆ ಏರ್ಪಾಡು ಮಾಡೋಣ.