ಪ್ರತಿಕ್ರಿಯೆ: ವಾರ್ಫ್ ನದಿಯಲ್ಲಿ ಫ್ಲೋಟ್ ಮುಳುಗುತ್ತದೆ, ಗ್ರೇಲಿಂಗ್ ಸಿಗುತ್ತಿಲ್ಲ

ಇಂಗ್ಲೆಂಡಿನ ವಾರ್ಫ್ ನದಿಯಲ್ಲಿ ಡಿಸೆಂಬರ್‌ನಲ್ಲಿ ಫ್ಲೋಟ್ (ದಾರಕ್ಕೆ ಕಟ್ಟುವ ತೇಲುಬೆಂಡು) ಮುಳುಗಿದರೂ ಗಾಳ ಖಾಲಿ, ಗ್ರೇಲಿಂಗ್ ಮೀನು ಸಿಗುತ್ತಿಲ್ಲ, ಸಿಕ್ಕರೆ ಬರೀ ಟ್ರೌಟ್ ಮೀನು ಅಂದಿರಿ. ಹೆಚ್ಚಾಗಿ ಇದಕ್ಕೆ ಕಾರಣ, ನಿಮ್ಮ ಮ್ಯಾಗಟ್ (ಗಾಳಕ್ಕೆ ಸಿಕ್ಕಿಸುವ ನೊಣದ ಮರಿಹುಳು) ನದಿಯ ತಳಕ್ಕಿಂತ ಮೇಲೆ, ಜಾಸ್ತಿ ವೇಗದಲ್ಲಿ ಹೋಗುತ್ತಿರುವುದು. ಚಳಿಯಲ್ಲಿ ಗ್ರೇಲಿಂಗ್ ತಳದ ಹತ್ತಿರವೇ ಇರುತ್ತವೆ. ಮೇಲಿನ ನೀರು ತಳದ ನೀರಿಗಿಂತ ಬೇಗ ಹರಿಯುತ್ತದಲ್ವಾ, ಫ್ಲೋಟ್ ಗಾಳವನ್ನು ಎಳೆದುಕೊಂಡು ಓಡುತ್ತದೆ.

ಮೊದಲು ಆಳ ಸರಿ ಮಾಡಿ. ಫ್ಲೋಟನ್ನು ದಾರದಲ್ಲಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸಿ. ಗಾಳ ಕಲ್ಲಿಗೆ ತಾಗಿ ಫ್ಲೋಟ್ ತಡವರಿಸಿದರೆ ಫ್ಲೋಟನ್ನು ದಾರದಲ್ಲಿ ಎರಡು ಇಂಚು ಕೆಳಗಿಳಿಸಿ. ಆಮೇಲೆ ದಾರವನ್ನು ಬೆರಳಲ್ಲಿ ಹಗುರವಾಗಿ ತಡೆಯುತ್ತಾ ಬಿಡಿ. ಪಕ್ಕದಲ್ಲಿ ತೇಲುವ ನೊರೆಗಿಂತ ಫ್ಲೋಟ್ ನಿಧಾನವಾಗಿ ಹೋಗಬೇಕು. ಇದೊಂದೇ ಬಹಳ ವ್ಯತ್ಯಾಸ ಮಾಡುತ್ತದೆ.

ಗಾಳ 16 ಅಥವಾ 18ನೇ ನಂಬರಿನ ಚಿಕ್ಕದು, ಹಿಮ್ಮುಳ್ಳು ಇಲ್ಲದ್ದು ಇರಲಿ. ಗ್ರೇಲಿಂಗ್ ಬಾಯಿ ಚಿಕ್ಕದು, ಬೇಗ ಉಗುಳಿಬಿಡುತ್ತದೆ. ಫ್ಲೋಟ್ ತಡೆದಂತೆ ಕಂಡರೂ ರಾಡನ್ನು ಮೆಲ್ಲಗೆ ಎತ್ತಿ. ಸಿಕ್ಕ ಮೀನು ಬೆನ್ನಿನ ದೊಡ್ಡ ರೆಕ್ಕೆ ಬಿಚ್ಚಿ, ಹರಿವಿಗೆ ಅಡ್ಡ ನಿಂತು ಮೈ ತಿರುಚುತ್ತದೆ. ಆಗ ಜಗ್ಗಬೇಡಿ, ರಾಡ್ ತಗ್ಗಿಸಿ ಒಂದೇ ಸಮ ಹಿಡಿಯಿರಿ.

ಆದರೂ ಸಿಗದಿದ್ದರೆ ಅಲ್ಲಿ ಬರೀ ಟ್ರೌಟ್ ಇರಬಹುದು. ಚಳಿಗಾಲದಲ್ಲಿ ಗ್ರೇಲಿಂಗ್ ಗುಂಪಾಗಿರುತ್ತವೆ, ಸುಮ್ನೆ ಒಂದೇ ಕಡೆ ನಿಲ್ಲದೆ ಜಾಗ ಬದಲಿಸಿ. ನಡೆಯುವ ವೇಗದಲ್ಲಿ ಸಮವಾಗಿ ಹರಿಯುವ ನೀರು ನೋಡಿ. ಟ್ರೌಟ್ ಸೀಸನ್ (ಅವನ್ನು ಹಿಡಿಯಬಹುದಾದ ಅವಧಿ) ಸೆಪ್ಟೆಂಬರ್‌ಗೇ ಮುಗಿಯುತ್ತದೆ, ಅವನ್ನು ನೀರಲ್ಲೇ ಬಿಡಿಸಿ. ಗ್ರೇಲಿಂಗ್ ಬಿಡುವಾಗ ತಲೆ ಹರಿವಿಗೆ ಎದುರಾಗಿ ಹಿಡಿದು, ತಾನೇ ಬಾಲ ಬಡಿಯುವವರೆಗೆ ಕಾಯಿರಿ.